ವಿಡಿಯೊ ಹಚ್ಚಿದರೆ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಫ್ಯಾನ್ ಸಪ್ಪಳ ಮಾಡುತ್ತದೆ: ಕಾರಣ ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಧಾರವಾಡದ ಸಪ್ತಾಪುರದ ಯಾವುದೇ ರೂಮಿನಲ್ಲಿ ಕಾಣುವ ದೃಶ್ಯ: ಪಿಎಸ್‌ಐ ಪರೀಕ್ಷೆಯ ರೆಕಾರ್ಡೆಡ್ ಕ್ಲಾಸು 1080ಪಿಯಲ್ಲಿ ಓಡುತ್ತಿದೆ, ವೇಗ 2ಎಕ್ಸ್, ಲ್ಯಾಪ್‌ಟಾಪ್ ಕೌದಿಯ ಮೇಲೆ ಕೂತಿದೆ, ಫ್ಯಾನು ಹಿಟ್ಟಿನ ಗಿರಣಿಯಂತೆ ಗುಂಯ್‌ಗುಡುತ್ತಿದೆ. ಮಾರನೇ ದಿನ ಅದು ಅಂಗಡಿಗೆ ಹೋಗುತ್ತದೆ. ಅಲ್ಲಿ ಬಿಚ್ಚಿ, ಊದಿ, ಚಿಪ್‌ನ ಬಿಸಿ ಹೊರದಾಟಿಸುವ ಪೇಸ್ಟ್ ಹಚ್ಚಿ ಕೊಡುತ್ತಾರೆ. ವಾರದೊಳಗೆ ಮತ್ತೆ ಅದೇ ಸಪ್ಪಳ. ಏಕೆಂದರೆ ತೊಂದರೆ ಇದ್ದದ್ದು ಧೂಳಿನಲ್ಲಲ್ಲ, ವಿಡಿಯೊ ಓಡುತ್ತಿದ್ದ ರೀತಿಯಲ್ಲಿ.

ಹೀಗಾಗಿ ಸ್ಕ್ರೂಡ್ರೈವರ್ ಕೊನೆಗೆ. ಮೊದಲು ನೋಡಬೇಕಾದದ್ದು, ವಿಡಿಯೊ ಓಡುವಾಗ ಒಳಗೆ ದುಡಿಯುತ್ತಿರುವುದು ಯಾರು ಎಂಬುದನ್ನು. ಅದಕ್ಕೆ ಹತ್ತು ನಿಮಿಷ ಸಾಕು, ಖರ್ಚಿಲ್ಲ.

ದುಡಿಯುತ್ತಿರುವುದು ಯಾರು?

ಅಂತರ್ಜಾಲದಿಂದ ಬರುವ ವಿಡಿಯೊ ಒತ್ತಿ ಕುಗ್ಗಿಸಿದ ಗಂಟು. ಅದನ್ನು ಸೆಕೆಂಡಿಗೆ 30 ಅಥವಾ 60 ಚಿತ್ರಗಳಾಗಿ ಬಿಚ್ಚಬೇಕು. ಈ ಕೆಲಸಕ್ಕೆಂದೇ ಗ್ರಾಫಿಕ್ಸ್ ಚಿಪ್‌ನೊಳಗೆ ಒಂದು ಚಿಕ್ಕ ಭಾಗವಿದೆ, ಡಿಕೋಡರ್. ಅದು ಬಿಚ್ಚಿದರೆ ಖರ್ಚಾಗುವ ವಿದ್ಯುತ್ ಬಹಳ ಕಡಿಮೆ. ಆದರೆ ಬಂದ ಗಂಟಿನ ಕಟ್ಟು ಆ ಭಾಗಕ್ಕೆ ಪರಿಚಯವಿಲ್ಲದಿದ್ದರೆ ಕೆಲಸ ಪೂರ್ತಿ ಪ್ರೊಸೆಸರ್ ಮೇಲೆ ಬೀಳುತ್ತದೆ. ಪ್ರೊಸೆಸರ್ ಬಿಚ್ಚುತ್ತದೆ, ನಿಜ, ಆದರೆ ಬೆವರು ಸುರಿಸಿ. ನೀವು ಕೇಳುವ ಫ್ಯಾನ್ ಸಪ್ಪಳ ಆ ಬೆವರೇ.

ವಿಂಡೋಸ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ವಿಡಿಯೊ ಹಚ್ಚಿ ಬ್ರೌಸರ್ ಕಿಟಕಿಯನ್ನು ಅರ್ಧ ಪರದೆಗೆ ಸರಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಮೇಲೆ ಒತ್ತಿ. ನಾಲ್ಕು ಚಿಕ್ಕ ಗ್ರಾಫ್‌ಗಳಲ್ಲಿ ಒಂದರ ಹೆಸರು ವಿಡಿಯೊ ಡಿಕೋಡ್. ಎಎಂಡಿ ಯಂತ್ರಗಳಲ್ಲಿ ವಿಡಿಯೊ ಕೋಡೆಕ್ ಎಂದು ಇರಬಹುದು. ಕಾಣದಿದ್ದರೆ ಗ್ರಾಫ್ ಹೆಸರಿನ ಪಕ್ಕದ ಬಾಣ ಒತ್ತಿ ಆರಿಸಿ. ಜಿಪಿಯು 0, ಜಿಪಿಯು 1 ಎಂದು ಎರಡಿದ್ದರೆ ಎರಡನ್ನೂ ನೋಡಿ.

ಆ ಗ್ರಾಫ್ ಏರಿಳಿಯುತ್ತಿದ್ದು ಸಿಪಿಯು (ಪ್ರೊಸೆಸರ್) ಶೇ 15–20ರೊಳಗೆ ಇದ್ದರೆ ಡಿಕೋಡರ್ ದುಡಿಯುತ್ತಿದೆ, ಮುಂದಿನ ಎರಡು ಭಾಗ ಬಿಟ್ಟು ಸೀದಾ ‘ಬೂಸ್ಟ್ ಕಡಿವಾಣ’ ಭಾಗಕ್ಕೆ ಹೋಗಿ. ಗ್ರಾಫ್ ಸೊನ್ನೆಯಲ್ಲೇ ಮಲಗಿದ್ದು ಸಿಪಿಯು ಶೇ 50 ದಾಟಿದ್ದರೆ ಕಳ್ಳ ಸಿಕ್ಕಂತೆ. ಸಿಪಿಯು ಮೇಲಿದ್ದರೂ ಅದನ್ನು ತಿನ್ನುತ್ತಿರುವುದು ಬ್ರೌಸರ್ ಅಲ್ಲ, ವಿಂಡೋಸ್ ಅಪ್‌ಡೇಟ್ ಅಥವಾ ಆ್ಯಂಟಿವೈರಸ್ ಸ್ಕ್ಯಾನ್ ಎಂದು ಪ್ರೊಸೆಸಸ್ ಪಟ್ಟಿ ಹೇಳಿದರೆ ಅದು ಮುಗಿಯುವವರೆಗೆ ಕಾಯಿರಿ. ಆ ಗದ್ದಲದ ನಡುವೆ ಅಳೆದ ಯಾವ ಅಳತೆಗೂ ಅರ್ಥವಿಲ್ಲ.

ಯಾವ ಕಟ್ಟು, ಯಾವ ಚಿಪ್

ಯೂಟ್ಯೂಬ್ ವಿಡಿಯೊ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ಆರಿಸಿ. ಕೋಡೆಕ್ ಎಂದರೆ ಗಂಟು ಕಟ್ಟಿದ ಬಗೆ; ಕೋಡೆಕ್ಸ್ ಎಂಬ ಸಾಲಿನ ಮೊದಲ ಪದ ನೋಡಿ: ಎವಿಸಿ1 ಎಂದಿದ್ದರೆ ಎಚ್.264, ವಿಪಿ09 ಎಂದಿದ್ದರೆ ವಿಪಿ9, ಎವಿ01 ಎಂದಿದ್ದರೆ ಎವಿ1. ಅಲ್ಲೇ ಬಿಟ್ಟುಹೋದ ಫ್ರೇಮ್‌ಗಳ (ಚಿತ್ರಗಳ) ಲೆಕ್ಕವೂ ಇರುತ್ತದೆ; ಅದು ಏರುತ್ತಲೇ ಇದ್ದರೆ ಯಂತ್ರಕ್ಕೆ ಆ ವಿಡಿಯೊದ ಭಾರ ತಾಳಲಾಗುತ್ತಿಲ್ಲ.

ಎಚ್.264 ಅನ್ನು ಹತ್ತು–ಹನ್ನೆರಡು ವರ್ಷ ಹಳೆಯ ಲ್ಯಾಪ್‌ಟಾಪ್ ಕೂಡ ಡಿಕೋಡರ್‌ನಲ್ಲೇ ಬಿಚ್ಚುತ್ತದೆ. ವಿಪಿ9ಗೆ ಇಂಟೆಲ್ ಆದರೆ 7ನೇ ತಲೆಮಾರು, ಎಎಂಡಿ ಆದರೆ ಲ್ಯಾಪ್‌ಟಾಪಿನ ರೈಜನ್ 2000 ಸರಣಿ ಅಥವಾ ಅದರ ಮುಂದಿನದು ಬೇಕು. ಎವಿ1ಗೆ 2020ರಲ್ಲಿ ಬಂದ ಇಂಟೆಲ್ 11ನೇ ತಲೆಮಾರು, ಲ್ಯಾಪ್‌ಟಾಪಿನ ರೈಜನ್ 6000 ಸರಣಿ, ಎನ್‌ವಿಡಿಯಾ ಆದರೆ ಆರ್‌ಟಿಎಕ್ಸ್ 30 ಸರಣಿ. ಎಎಂಡಿಯ ಹೆಸರುಗಳನ್ನು ಪೂರ್ತಿ ನಂಬಬೇಡಿ. ರೈಜನ್ 5 7530ಯು ಹೊಸ ಅಂಕಿ ಹೊತ್ತ ಹಳೆ ಚಿಪ್, ಅದರಲ್ಲಿ ಎವಿ1 ಡಿಕೋಡರ್ ಇಲ್ಲ.

ಹುಬ್ಬಳ್ಳಿಯಲ್ಲಿ ಸೆಕೆಂಡ್‌ಹ್ಯಾಂಡ್ ಆಗಿ ಹೆಚ್ಚು ಕೈ ಬದಲಿಸುವ ಆಫೀಸ್ ಲ್ಯಾಪ್‌ಟಾಪ್‌ಗಳು 6ನೇ, 7ನೇ, 8ನೇ ತಲೆಮಾರಿನ ಐ5ಗಳು. ಐ5-6300ಯು (6ನೇ ತಲೆಮಾರು) ಇರುವ ಯಂತ್ರಕ್ಕೆ ವಿಪಿ9 ಭಾರ. ಐ5-8250ಯು (8ನೇ ತಲೆಮಾರು) ವಿಪಿ9 ಅನ್ನು ಸಲೀಸಾಗಿ ಓಡಿಸುತ್ತದೆ, ಎವಿ1 ಬಂದರೆ ಏದುಸಿರು ಬಿಡುತ್ತದೆ. ಯಂತ್ರ ಅದೇ, ಒಂದು ವಿಡಿಯೊಗೆ ಸುಮ್ಮನಿರುತ್ತದೆ, ಇನ್ನೊಂದಕ್ಕೆ ಕೂಗುತ್ತದೆ ಎಂಬ ಗೊಂದಲದ ಹಿಂದಿರುವುದು ಬಹುಪಾಲು ಇದೇ.

7ನೇ, 8ನೇ ತಲೆಮಾರಿಗೆ ಮದ್ದು ಸುಲಭ. ಯೂಟ್ಯೂಬ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಪ್ಲೇಬ್ಯಾಕ್ ವಿಭಾಗದಡಿ ಎವಿ1 ಆಯ್ಕೆ ಇದೆ. ಅದನ್ನು ಎಸ್‌ಡಿಗೆ ಮಾತ್ರ ಎವಿ1 ಎಂಬಲ್ಲಿ ಇಡಿ. 480ಪಿಗಿಂತ ಮೇಲಿನದು ಆಗ ವಿಪಿ9ನಲ್ಲೇ ಬರುತ್ತದೆ. 6ನೇ ತಲೆಮಾರು ಮತ್ತು ಅದಕ್ಕಿಂತ ಹಳೆಯವಕ್ಕೆ ಎನ್‌ಹಾನ್ಸ್ಡ್ ಎಚ್264ಇಫೈ ಎಂಬ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿ ವಿಪಿ9 ಮತ್ತು ಎವಿ1 ಎರಡನ್ನೂ ತಡೆಯಿರಿ. ಪುಟ ಮತ್ತೆ ಲೋಡ್ ಮಾಡಿ, ಕೋಡೆಕ್ ಸಾಲಿನಲ್ಲಿ ಎವಿಸಿ1 ಬಂತೇ ನೋಡಿ. ಇದಕ್ಕೆ ತೆರುವ ಬೆಲೆ ಎರಡು. ಯೂಟ್ಯೂಬ್‌ನಲ್ಲಿ ಎಚ್.264 ಸಿಗುವುದು 1080ಪಿವರೆಗೆ ಮಾತ್ರ. ಜತೆಗೆ ಅದೇ ಗುಣಮಟ್ಟಕ್ಕೆ ಡೇಟಾ ಹೆಚ್ಚು ಖರ್ಚಾಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಓದುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಚಿಪ್‌ಗೆ ಶಕ್ತಿಯಿದ್ದೂ ಡಿಕೋಡ್ ಗ್ರಾಫ್ ಸೊನ್ನೆಯಲ್ಲಿದ್ದರೆ ಎರಡು ಕಡೆ ನೋಡಿ. ಕ್ರೋಮ್ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಗ್ರಾಫಿಕ್ಸ್ ಆ್ಯಕ್ಸಲರೇಶನ್ ಬಳಸುವ ಗುಂಡಿ ಆನ್ ಇರಬೇಕು. ಯಾವಾಗಲೋ ಪರದೆ ಮಿನುಗಿತೆಂದು ಯಾರೋ ಆಫ್ ಮಾಡಿ ಮರೆತಿರುತ್ತಾರೆ. ಎರಡನೆಯದು ಡ್ರೈವರ್, ಅಂದರೆ ವಿಂಡೋಸ್ ಆ ಚಿಪ್ ಅನ್ನು ದುಡಿಸಲು ಬೇಕಾದ ಸಾಫ್ಟ್‌ವೇರ್. ಇದನ್ನು ಜನ ತೀರಾ ಕಡೆಗಣಿಸುತ್ತಾರೆ. ವಿಂಡೋಸ್ ಹೊಸದಾಗಿ ಹಾಕಿಸಿಕೊಂಡು ಬಂದ ದಿನದಿಂದಲೇ ಫ್ಯಾನ್ ಕೂಗಲು ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್ ತೆರೆದು ಡಿಸ್ಪ್ಲೇ ಅಡಾಪ್ಟರ್ಸ್ ಬಿಚ್ಚಿ ನೋಡಿ. ಅಲ್ಲಿ ಇಂಟೆಲ್, ಎಎಂಡಿ ಹೆಸರಿನ ಬದಲು ಮೈಕ್ರೋಸಾಫ್ಟ್ ಬೇಸಿಕ್ ಡಿಸ್ಪ್ಲೇ ಅಡಾಪ್ಟರ್ ಎಂದಿದ್ದರೆ ಗ್ರಾಫಿಕ್ಸ್ ಚಿಪ್ ಇದ್ದೂ ಇಲ್ಲದಂತೆ. ಪರದೆ ಬಿಡಿಸುವುದರಿಂದ ಹಿಡಿದು ಎಲ್ಲವೂ ಪ್ರೊಸೆಸರ್ ತಲೆಗೆ. ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ಆಪ್ಷನಲ್ ಅಪ್‌ಡೇಟ್ಸ್‌ನೊಳಗೆ ಡ್ರೈವರ್ ಸಿಗುತ್ತದೆ. ಇಲ್ಲವೇ ಲ್ಯಾಪ್‌ಟಾಪ್ ತಯಾರಕರ ಸೈಟಿನಲ್ಲಿ ನಿಮ್ಮ ಮಾಡೆಲ್ ಹೆಸರಿನಿಂದ ಹುಡುಕಿ ಇಳಿಸಿಕೊಳ್ಳಿ. ಡ್ರೈವರ್ ಹುಡುಕಿ ಕೊಡುತ್ತೇವೆ ಎನ್ನುವ ಮೂರನೆಯವರ ಸಾಫ್ಟ್‌ವೇರ್ ಬೇಡ.

ಪೆನ್‌ಡ್ರೈವ್‌ನಲ್ಲಿರುವ ಫೈಲ್‌ಗಳನ್ನು ವಿಎಲ್‌ಸಿಯಲ್ಲಿ ನೋಡುವವರು ಕಂಟ್ರೋಲ್ ಮತ್ತು ಪಿ ಒತ್ತಿ, ಇನ್‌ಪುಟ್ ಮತ್ತು ಕೋಡೆಕ್ಸ್ ಪುಟದಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಅನ್ನು ಆಟೊಮ್ಯಾಟಿಕ್‌ನಲ್ಲಿಟ್ಟರೆ ಮುಗಿಯಿತು.

2ಎಕ್ಸ್ ಲೆಕ್ಕ

ಇಷ್ಟು ಸರಳ ಗುಣಾಕಾರ ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ಸೆಕೆಂಡಿಗೆ 30 ಚಿತ್ರಗಳ ಕ್ಲಾಸನ್ನು ಎರಡು ಪಟ್ಟು ವೇಗದಲ್ಲಿ ನೋಡಿದರೆ ಸೆಕೆಂಡಿಗೆ 60 ಚಿತ್ರ ಬಿಚ್ಚಬೇಕು. ಮೂಲವೇ 60ರದಾಗಿದ್ದರೆ 120. ಡಿಕೋಡರ್ ಇದ್ದರೆ ನಡೆದುಹೋಗುತ್ತದೆ. ಪ್ರೊಸೆಸರ್ ಬಿಚ್ಚುತ್ತಿದ್ದರೆ ಅದರ ಹೊರೆ ಹೆಚ್ಚುಕಡಿಮೆ ಇಮ್ಮಡಿ. ವೇಗ ಬಿಡಲಾಗದಿದ್ದರೆ ಗಾತ್ರ ಇಳಿಸಿ. ನಿಮ್ಮ ಪರದೆ 1366×768 ಆಗಿದ್ದರೆ 1080ಪಿ ಹಚ್ಚಿ ಪ್ರಯೋಜನವೇ ಇಲ್ಲ. ಬಿಚ್ಚಿದ ಚುಕ್ಕೆಗಳಲ್ಲಿ ಅರ್ಧ ಬಿಸಾಡಿ ಉಳಿದದ್ದನ್ನು ತೋರಿಸುತ್ತದೆ. 720ಪಿ ಸಾಕು. 60 ಚಿತ್ರಗಳ ವಿಡಿಯೊಗಳಲ್ಲಿ 480ಪಿಗೆ ಇಳಿದರೆ ಸಾಮಾನ್ಯವಾಗಿ ಚಿತ್ರಗಳ ಸಂಖ್ಯೆಯೂ 30ಕ್ಕೆ ಇಳಿಯುತ್ತದೆ. ಬೋರ್ಡಿನ ಮೇಲಿನ ಸಣ್ಣ ಅಕ್ಷರ ಓದಲಾದರೆ ಅದೇ ಒಳ್ಳೆಯದು.

ಬೂಸ್ಟ್ ಕಡಿವಾಣ

15 ವ್ಯಾಟ್ ಎಂದು ಹೇಳುವ ಪ್ರೊಸೆಸರ್‌ಗಳು ಕೆಲಸ ಬಂದ ತಕ್ಷಣ ಕೆಲವು ಸೆಕೆಂಡು 30–40 ವ್ಯಾಟ್‌ಗೂ ಜಿಗಿಯುತ್ತವೆ. ಇದೇ ಟರ್ಬೊ ಬೂಸ್ಟ್. ವಿಡಿಯೊ ನೋಡಲು ಅದರ ಅಗತ್ಯವಿಲ್ಲ, ಆದರೆ ಪುಟ ತೆರೆದಾಗ, ಜಾಹೀರಾತು ಬಂದಾಗ ಜಿಗಿಯುತ್ತದೆ, ಫ್ಯಾನ್ ಹೂಂಕರಿಸಿ ತಣ್ಣಗಾಗುತ್ತದೆ. ಸಪ್ಪಳ ಅಲೆಯಂತೆ ಏರಿ ಇಳಿಯುತ್ತಿದ್ದರೆ ಇದರ ಮೇಲೆ ಅನುಮಾನ ಪಡಿ.

ಮೊದಲು ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ದಾರಿಯಲ್ಲಿ ಹೋಗಿ ಪವರ್ ಮೋಡ್ ಅನ್ನು ಬೆಸ್ಟ್ ಪವರ್ ಎಫಿಶಿಯೆನ್ಸಿಗೆ ಇಳಿಸಿ. ಸಾಲದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಈಗಿರುವ ಪ್ಲಾನ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್, ಅದರೊಳಗೆ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್. 100 ಇದ್ದದ್ದನ್ನು 99 ಮಾಡಿ. ಒಂದೇ ಅಂಕಿ ಇಳಿದಂತೆ ಕಂಡರೂ ಇಂಟೆಲ್ ಯಂತ್ರಗಳಲ್ಲಿ ಇದರಿಂದ ಬೂಸ್ಟ್ ಪೂರ್ತಿ ನಿಲ್ಲುತ್ತದೆ. ಭಾರಿ ಕೆಲಸಗಳು ನಿಧಾನವಾಗುತ್ತವೆ ಎಂಬುದು ನೆನಪಿರಲಿ. ಟ್ಯಾಲಿ, ಬ್ರೌಸರ್, ವಿಡಿಯೊಗಳಿಗೆ ವ್ಯತ್ಯಾಸ ಗೊತ್ತಾಗದು. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಕಾಣುವುದಿಲ್ಲ. ಅಲ್ಲಿ ತಯಾರಕರ ಸೈಲೆಂಟ್ ಮೋಡ್ ಬಳಸಿ: ಹಲವು ಲೆನೊವೊಗಳಲ್ಲಿ ಎಫ್‌ಎನ್ ಮತ್ತು ಕ್ಯೂ, ಏಸಸ್‌ನ ವಿವೊಬುಕ್‌ಗಳಲ್ಲಿ ಎಫ್‌ಎನ್ ಮತ್ತು ಎಫ್. ಡೆಲ್‌ನವರು ಕೂಲ್ ಎಂಬ ಹೆಸರು ನೋಡಿ ಮೋಸ ಹೋಗಬಾರದು. ಅದು ಫ್ಯಾನನ್ನು ಇನ್ನಷ್ಟು ತಿರುಗಿಸಿ ಮೈ ತಣ್ಣಗಿಡುವ ಮೋಡ್. ಸಪ್ಪಳ ಬೇಡವಾದರೆ ಕ್ವಯಟ್.

ಎನ್‌ವಿಡಿಯಾ ಚಿಪ್ ಪ್ರತ್ಯೇಕವಾಗಿರುವ ಯಂತ್ರದಲ್ಲಿ ಡಿಸ್ಪ್ಲೇ ಸೆಟ್ಟಿಂಗ್ಸ್‌ನ ಗ್ರಾಫಿಕ್ಸ್ ಪುಟದಲ್ಲಿ ಬ್ರೌಸರ್ ಅನ್ನು ಪವರ್ ಸೇವಿಂಗ್‌ಗೆ ಹಾಕಿ. ಇಲ್ಲದಿದ್ದರೆ ಕ್ಲಾಸು ನೋಡಲು ಗೇಮಿಂಗ್ ಚಿಪ್ ಏಳುತ್ತದೆ.

ಬಯೋಸ್ (ಮದರ್‌ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್‌ನಿಂದ ಫ್ಯಾನಿನ ನಡವಳಿಕೆ ಸುಧಾರಿಸುವುದುಂಟು. ಆದರೆ ಬ್ಯಾಟರಿ ಕೆಟ್ಟ ಲ್ಯಾಪ್‌ಟಾಪ್‌ನಲ್ಲಿ, ಕರೆಂಟ್ ಹೋಗಿ ಬಂದು ಮಾಡುವ ಮಧ್ಯಾಹ್ನದಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ. ಅರ್ಧಕ್ಕೆ ನಿಂತರೆ ಮದರ್‌ಬೋರ್ಡೇ ಏಳದಂತಾಗಬಹುದು.

ಕೌದಿ, ಎರೆಮಣ್ಣು, ಮೆಣಸಿನಪುಡಿ

ಹೆಚ್ಚಿನ ಲ್ಯಾಪ್‌ಟಾಪ್‌ಗಳು ತಳದಿಂದ ಗಾಳಿ ಎಳೆದು ಹಿಂಬದಿಯಿಂದಲೋ ಪಕ್ಕದಿಂದಲೋ ಬಿಡುತ್ತವೆ. ಕೌದಿ, ಜಮಖಾನ, ಗಾದಿ ಯಾವುದೇ ಇರಲಿ, ತಳದ ಕಿಂಡಿ ಮುಚ್ಚಿತೆಂದೇ ಲೆಕ್ಕ. ಸಾಲದ್ದಕ್ಕೆ ಅರಿವೆಯ ಎಳೆಗಳು ಒಳಗೆ ಹೋಗುತ್ತವೆ. ಗಟ್ಟಿ ರಟ್ಟು ಅಥವಾ ಹಲಗೆಯ ಮೇಲಿಟ್ಟು ಹಿಂಬದಿಯನ್ನು ಎರಡು–ಮೂರು ಸೆಂಟಿಮೀಟರ್ ಎತ್ತರಿಸಿದರೆ ಸಾಕು. ಬಾಟಲಿಯ ಎರಡು ಮುಚ್ಚಳಗಳೂ ಆದೀತು. ಕೂಲಿಂಗ್ ಪ್ಯಾಡ್‌ಗೆ ದುಡ್ಡು ಹಾಕುವ ಮೊದಲು ಇದನ್ನು ಮಾಡಿ. ಪ್ಯಾಡ್ ಸಹಾಯ ಮಾಡುವುದು ತಳದಲ್ಲಿ ಕಿಂಡಿ ಇರುವ ಯಂತ್ರಕ್ಕೆ ಮಾತ್ರ, ಅದೂ ಕೆಲವೇ ಡಿಗ್ರಿ.

ಕೋಣೆಯ ಬಿಸಿ ನೇರವಾಗಿ ಚಿಪ್‌ಗೆ ಕೂಡುತ್ತದೆ. ಡಿಸೆಂಬರ್‌ನಲ್ಲಿ 26 ಡಿಗ್ರಿಯ ಕೋಣೆಯಲ್ಲಿ 65 ತೋರಿಸುತ್ತಿದ್ದ ಯಂತ್ರ ಗದಗಿನ ಏಪ್ರಿಲ್‌ನ 38ರಲ್ಲಿ, ಫ್ಯಾನ್ ವೇಗ ಅಷ್ಟೇ ಇದ್ದರೆ, 77ರ ಹತ್ತಿರ ತೋರಿಸುತ್ತದೆ. ಅದು ಕೆಟ್ಟಿಲ್ಲ, ಬೇಸಿಗೆ ಬಂದಿದೆ. ಏರ್‌ಕೂಲರ್‌ನ ಗಾಳಿಗೆ ಎದುರಾಗಿ ಮಾತ್ರ ಇಡಬೇಡಿ, ತೇವ ಒಳಗೆ ಹೋಗುತ್ತದೆ.

ಧೂಳೂ ಊರಿಗೊಂದು ಬಗೆ. ಎರೆಹೊಲದ ಮಗ್ಗುಲಿನ ಮನೆಗಳಲ್ಲಿ ನುಣುಪಾದ ಕರಿಮಣ್ಣಿನ ಹುಡಿ. ಇದು ಒಣಗಿರುವವರೆಗೆ ಊದಿದರೆ ಹೋಗುತ್ತದೆ. ಬೆಟಗೇರಿಯ ಮಗ್ಗದ ಮನೆಗಳಲ್ಲಿ ನೂಲಿನ ಎಳೆ ಫ್ಯಾನಿನ ಅಚ್ಚಿಗೆ ಸುತ್ತಿಕೊಳ್ಳುತ್ತದೆ, ಚಿಮಟದಿಂದ ಎಳೆಯಬೇಕು. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿ, ಖಾರ ಕುಟ್ಟುವ ಗಿರಣಿಗಳಲ್ಲಿ ಬಿಲ್ಲು ಮಾಡುವ ಲ್ಯಾಪ್‌ಟಾಪ್‌ನ ಕಥೆಯೇ ಬೇರೆ. ಮೆಣಸಿನಪುಡಿಯ ಎಣ್ಣೆಯಂಶ ಅದನ್ನು ರೆಕ್ಕೆಗಳಿಗೆ ಅಂಟಿಸುತ್ತದೆ, ಊದಿದರೆ ಬಿಡದು, ಬ್ರಶ್ ಮತ್ತು ಆಲ್ಕೋಹಾಲ್ ಬೇಕು. ಮೂಗಿಗೆ ಮಾಸ್ಕ್ ಕಟ್ಟಿಕೊಂಡೇ ತೆರೆಯಿರಿ, ಆ ಕೈಯಿಂದ ಕಣ್ಣು ಉಜ್ಜಿಕೊಳ್ಳಬೇಡಿ.

ಧೂಳೋ, ಪೇಸ್ಟೋ: ಬಿಚ್ಚುವ ಮೊದಲೇ ತಿಳಿಯುವುದು

ಎಚ್‌ಡಬ್ಲ್ಯುಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಸೆನ್ಸರ್ಸ್ ಮಾತ್ರ ಎಂಬ ಆಯ್ಕೆಯಲ್ಲಿ ತೆರೆದು ಸಿಪಿಯು ಉಷ್ಣಾಂಶ ನೋಡುತ್ತ 15 ನಿಮಿಷ ವಿಡಿಯೊ ಓಡಿಸಿ. ಹೊರಬರುವ ಗಾಳಿಗೆ ಅಂಗೈ ಹಿಡಿಯಿರಿ. ಗಾಳಿ ಬಿಸಿಯಾಗಿದ್ದು ಬರುವುದೇ ಅಷ್ಟಿಷ್ಟು ಎಂದಾದರೆ, ಉಷ್ಣಾಂಶವೂ ನಿಮಿಷಗಳಲ್ಲಿ ಮೆಲ್ಲಗೆ ಏರಿದರೆ, ದಾರಿ ಧೂಳಿನಿಂದ ಕಟ್ಟಿದೆ. ಗಾಳಿ ಜೋರಾಗಿದ್ದರೂ ಉಗುರುಬೆಚ್ಚಗಿದ್ದು ಚಿಪ್ ಮಾತ್ರ ಎರಡೇ ಸೆಕೆಂಡಿನಲ್ಲಿ 90 ದಾಟಿದರೆ ಬಿಸಿ ಚಿಪ್‌ನಿಂದ ತಾಮ್ರಕ್ಕೆ ದಾಟುತ್ತಿಲ್ಲ. ಪೇಸ್ಟ್ ಒಣಗಿದೆ ಅಥವಾ ಹೀಟ್‌ಸಿಂಕ್ (ಚಿಪ್‌ನ ಬಿಸಿ ಎಳೆಯುವ ಆ ತಾಮ್ರದ ಭಾಗ) ಸರಿಯಾಗಿ ಕೂತಿಲ್ಲ. ಹೆಚ್ಚಿನ ಇಂಟೆಲ್ ಲ್ಯಾಪ್‌ಟಾಪ್ ಚಿಪ್‌ಗಳ ಮಿತಿ 100 ಡಿಗ್ರಿ, ಅಲ್ಲಿ ತಾವಾಗಿಯೇ ವೇಗ ಇಳಿಸುತ್ತವೆ.

ಸಪ್ಪಳದ ಬಗೆಯೂ ಗುಟ್ಟು ಹೇಳುತ್ತದೆ. ಬರೀ ಗಾಳಿಯ ಸುಯ್ಯೆಂಬ ಸದ್ದಾದರೆ ಫ್ಯಾನ್ ಚೆನ್ನಾಗಿದೆ. ಟಿಕ್ ಟಿಕ್ ಎಂದರೆ ರೆಕ್ಕೆಗೆ ವೈರೋ ಧೂಳಿನ ಉಂಡೆಯೋ ತಾಗುತ್ತಿದೆ. ಬೀಸುಕಲ್ಲಿನ ಗರಗರ ಎಂದರೆ ಬೇರಿಂಗ್ ಹೋಗಿದೆ, ಫ್ಯಾನ್ ಬದಲಿಸಿ. ಹೊಲಿಗೆ ಯಂತ್ರದ ಎಣ್ಣೆಯ ಹನಿ ಬಿಟ್ಟು ಕೊಡುವುದು ಕೆಲವು ವಾರದ ಆಟ, ಆಮೇಲೆ ಆ ಎಣ್ಣೆಗೇ ಧೂಳು ಮೆತ್ತುತ್ತದೆ. ಸ್ಕ್ರೋಲ್ ಮಾಡಿದಾಗ ಬದಲಾಗುವ ತೆಳ್ಳನೆ ಚೀರಾಟ ಫ್ಯಾನಿನದಲ್ಲ, ಬೋರ್ಡಿನ ಕಾಯಿಲ್‌ಗಳದ್ದು. ಅದರಿಂದ ಅಪಾಯವಿಲ್ಲ.

ಬಿಚ್ಚುವುದು

ವಾರಂಟಿ ಇದ್ದರೆ ಬಿಚ್ಚಬೇಡಿ. ತಳ ಉಬ್ಬಿದ್ದರೆ ಅಥವಾ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ. ಯಂತ್ರ ಆಫ್ ಮಾಡಿ ಹಾಗೆಯೇ ಅಂಗಡಿಗೆ ಒಯ್ಯಿರಿ, ಮೀಟಲು ಹೋಗಬೇಡಿ.

ಬೇಕಾದವು: ಪಿಎಚ್0 ಮತ್ತು ಪಿಎಚ್1 ಸ್ಕ್ರೂಡ್ರೈವರ್, ಕೆಲವು ಯಂತ್ರಕ್ಕೆ ಟಿ5 ಟಾರ್ಕ್ಸ್, ಗಿಟಾರ್ ಪಿಕ್‌ನಂಥ ಪ್ಲಾಸ್ಟಿಕ್ ಚೂರು, ಒಂದಿಂಚಿನ ಮೃದು ಪೇಂಟ್ ಬ್ರಶ್, ಕೈಯಿಂದ ಒತ್ತುವ ರಬ್ಬರ್ ಬ್ಲೋವರ್. ಪೇಸ್ಟ್ ಬದಲಿಸುವುದಾದರೆ 99 ಪ್ರತಿಶತ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು 1–2 ಗ್ರಾಂ ಟ್ಯೂಬ್.

ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಒತ್ತಿ, ಹಾಗಾದರೆ ಮಾತ್ರ ಪೂರ್ತಿ ಆರುತ್ತದೆ. ಚಾರ್ಜರ್ ತೆಗೆಯಿರಿ. ಹಾಳೆಯ ಮೇಲೆ ತಳದ ಚಿತ್ರ ಬರೆದು, ತೆಗೆದ ಪ್ರತಿ ಸ್ಕ್ರೂವನ್ನೂ ಅದದೇ ಜಾಗದಲ್ಲಿ ಚುಚ್ಚಿಡಿ. ಇದು ಅತಿ ಜಾಗ್ರತೆ ಅನಿಸಬಹುದು, ಆದರೆ ಚಿಕ್ಕ ತೂತಿಗೆ ಉದ್ದ ಸ್ಕ್ರೂ ಹಾಕಿ ತಿರುಗಿಸಿದರೆ ಕೀಬೋರ್ಡ್ ಕಡೆಯ ಪ್ಲಾಸ್ಟಿಕ್ ಉಬ್ಬಿ ಬರುತ್ತದೆ. ಎಲ್ಲ ತೆಗೆದರೂ ಮುಚ್ಚಳ ಬಿಡದಿದ್ದರೆ ರಬ್ಬರ್ ಕಾಲುಗಳ ಕೆಳಗೆ ಹುಡುಕಿ.

ತೆರೆದ ಕೂಡಲೇ ಮಾಡುವ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಕಳಚುವುದು. ಬೇರೆ ಯಾವುದನ್ನೂ ಅದಕ್ಕೆ ಮೊದಲು ಮುಟ್ಟಬೇಡಿ. ಆಮೇಲೆ ಫ್ಯಾನಿನ ಎರಡು–ನಾಲ್ಕು ಸ್ಕ್ರೂ ಮತ್ತು ಅದರ ವೈರ್ ತೆಗೆದು ಫ್ಯಾನ್ ಎತ್ತಿ. ಆಗ ಕಾಣುತ್ತದೆ ಅಸಲಿ ಸಂಗತಿ: ತಾಮ್ರದ ಕೊಳವೆಯ ತುದಿಯ ತೆಳು ಪಟ್ಟಿಗಳಿಗೂ ಫ್ಯಾನಿಗೂ ನಡುವೆ ಬೂದುಬಣ್ಣದ ಧೂಳು ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿರುತ್ತದೆ. ಹೊರಗಿನಿಂದ ಊದಿದರೆ ಇದು ಹೋಗುವುದಿಲ್ಲ, ಸರಿದು ಫ್ಯಾನಿನ ಮೇಲೆ ಬಿದ್ದು ಮತ್ತೆ ಬಂದು ಕೂರುತ್ತದೆ. ಪದರವನ್ನು ಚಿಮಟದಿಂದ ಇಡಿಯಾಗಿ ಎತ್ತಿ, ಉಳಿದದ್ದನ್ನು ಬ್ರಶ್‌ನಿಂದ ಪಟ್ಟಿಗಳ ಉದ್ದಕ್ಕೆ ಉಜ್ಜಿ. ಅಡ್ಡ ಉಜ್ಜಿದರೆ ಪಟ್ಟಿಗಳು ಬಾಗುತ್ತವೆ. ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಹಿಡಿದೇ ಊದಬೇಕು, ಬಿಟ್ಟರೆ ಅತಿವೇಗವಾಗಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಪಂಕ್ಚರ್ ಅಂಗಡಿಯ ಗಾಳಿ ಬೇಡವೇ ಬೇಡ. ಆ ಕಂಪ್ರೆಸರ್ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಇರುತ್ತವೆ, ಒತ್ತಡವೂ ವಿಪರೀತ. ಬಾಯಿಂದ ಊದಿದರೆ ಉಗುಳಿನ ತೇವ ಬೀಳುತ್ತದೆ.

ಪೇಸ್ಟ್ ಬದಲಿಸುವವರು ಬಿಚ್ಚುವ ಮೊದಲು ಹತ್ತು ನಿಮಿಷ ವಿಡಿಯೊ ಓಡಿಸಿ ಯಂತ್ರ ಬೆಚ್ಚಗಾಗಲು ಬಿಡಿ, ಹಳೆ ಪೇಸ್ಟ್ ಸಡಿಲವಾಗುತ್ತದೆ. ಹೀಟ್‌ಸಿಂಕ್ ಮೇಲೆ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಅಚ್ಚಾಗಿರುತ್ತದೆ. ಬಿಚ್ಚುವಾಗ ತಲೆಕೆಳಗಿನ ಕ್ರಮ, ಕೂರಿಸುವಾಗ ಅದೇ ಕ್ರಮ, ಒಂದೊಂದಕ್ಕೂ ಅರ್ಧರ್ಧ ಸುತ್ತು. ಒಂದನ್ನೇ ಪೂರ್ತಿ ಬಿಗಿದರೆ ಚಿಪ್‌ನ ಮೂಲೆ ಒಡೆಯಬಹುದು. ಎತ್ತುವಾಗ ಜಗ್ಗದೆ ಸ್ವಲ್ಪ ತಿರುಚಿ. ಆಲ್ಕೋಹಾಲ್ ಹಚ್ಚಿದ ಅರಿವೆಯಿಂದ ಎರಡೂ ಕಡೆ ಒರೆಸಿ, ಅಕ್ಕಿಕಾಳಿನಷ್ಟು ಪೇಸ್ಟ್ ಇಟ್ಟು ಚಿಪ್‌ನ ಇಡೀ ಮುಖಕ್ಕೆ ತೆಳ್ಳಗೆ ಸವರಿ. ಹೀಟ್‌ಸಿಂಕ್‌ನ ಕೆಳಗೆ ಎರಡು ಚಿಪ್ ಇದ್ದು ಎರಡಕ್ಕೂ ಹಳೆ ಪೇಸ್ಟ್ ಇದ್ದರೆ ಎರಡಕ್ಕೂ. ಸುತ್ತ ಇರುವ ನೀಲಿ ಅಥವಾ ಬೂದು ಮೆತ್ತೆಗಳನ್ನು (ಪ್ಯಾಡ್) ತೆಗೆದು ಪೇಸ್ಟ್ ಬಳಿಯಬೇಡಿ, ಅವು 0.5 ಅಥವಾ 1 ಮಿಲಿಮೀಟರ್ ಸಂದು ತುಂಬುವವು, ಹರಿದರೆ ಅಷ್ಟೇ ದಪ್ಪದ್ದನ್ನೇ ಹಾಕಬೇಕು. ಬಿಚ್ಚಿದಾಗ ಪಾದರಸದಂತೆ ಹೊಳೆಯುವ ದ್ರವ ಕಂಡರೆ ಅದು ಲಿಕ್ವಿಡ್ ಮೆಟಲ್, ಬೋರ್ಡಿನ ಮೇಲೆ ಹನಿ ಬಿದ್ದರೆ ಶಾರ್ಟ್ ಆಗುತ್ತದೆ. ಅಲ್ಲಿಗೆ ನಿಲ್ಲಿಸಿ ತಿಳಿದವರಿಗೆ ಕೊಡಿ.

ಫ್ಯಾನ್ ಕೊಳ್ಳುವಾಗ ಲ್ಯಾಪ್‌ಟಾಪ್ ಮಾಡೆಲ್ ಹೆಸರು ಸಾಲದು. ಹಳೆ ಫ್ಯಾನಿನ ಮೇಲಿನ ಚೀಟಿಯ ಪಾರ್ಟ್ ನಂಬರ್, ವೋಲ್ಟೇಜ್, ಕನೆಕ್ಟರ್‌ನ ವೈರ್ ಸಂಖ್ಯೆಯ ಫೋಟೊ ತೆಗೆದುಕೊಂಡು ಹೋಗಿ.

ಅಂಗಡಿಗೇ ಕೊಡುವುದಾದರೆ ಬರೀ ಸರ್ವಿಸ್ ಎನ್ನಬೇಡಿ. "ಅಣ್ಣಾರ, ಫ್ಯಾನ್ ಬಿಚ್ಚಿ ಒಳಗಿನ ಜಾಳಿಗಿ ಧೂಳ ತಗೀರಿ, ಪೇಸ್ಟ್ ನನ್ನ ಮುಂದ ಹಚ್ರಿ, ಪ್ಯಾಡ್ ಹಳೇವ ಇರ್ಲಿ" ಎಂದು ಕೆಲಸ ಹೆಸರಿಸಿ ಹೇಳಿ. ಮೊದಲಿನ ಉಷ್ಣಾಂಶದ ಫೋಟೊ ಮೊಬೈಲ್‌ನಲ್ಲಿರಲಿ.

ಮುಚ್ಚಿ ಆನ್ ಮಾಡಿದ ಮೇಲೆ ಅದೇ ವಿಡಿಯೊ, ಅದೇ ಗುಣಮಟ್ಟ, ಅದೇ ಕೋಣೆ, ಅದೇ 15 ನಿಮಿಷ. ಡಿಕೋಡರ್ ದುಡಿಯುತ್ತಿದ್ದು ದಾರಿ ಸ್ವಚ್ಛವಾಗಿದ್ದರೆ 1080ಪಿ ವಿಡಿಯೊಗೆ 50ರಿಂದ 70 ಡಿಗ್ರಿ ಸಹಜ, ಏಪ್ರಿಲ್‌–ಮೇನಲ್ಲಿ ಇನ್ನೊಂದಿಷ್ಟು ಕೂಡಿಸಿ. ಆಗಲೂ 85ರ ಮೇಲೆಯೇ ನಿಂತರೆ ಹೀಟ್‌ಸಿಂಕ್‌ನ ಸ್ಕ್ರೂಗಳನ್ನು ಮತ್ತೊಮ್ಮೆ ಕ್ರಮವಾಗಿ ಬಿಗಿದು ನೋಡಿ; ಹತ್ತರಲ್ಲಿ ಹಲವು ಸಲ ಒಂದು ಮೂಲೆ ಎದ್ದಿರುತ್ತದೆ. ಧೂಳು ತೆಗೆಯುವುದು ಮನೆಯಲ್ಲಿ ವರ್ಷಕ್ಕೊಮ್ಮೆ ಸಾಕು, ಮಗ್ಗದ ಮನೆ ಮತ್ತು ಖಾರದ ಗಿರಣಿಯಲ್ಲಿ ಮೂರು–ನಾಲ್ಕು ತಿಂಗಳಿಗೊಮ್ಮೆ.